ಪದ ಪರಿಚಯ: ಎಮ್ಯುಲೇಟರ್

ಶಿಡ್ಲಘಟ್ಟದಲ್ಲಿ ನಮ್ಮ ಮಾವನದು ಸಣ್ಣ ರೀಲಿಂಗ್ ಘಟಕ, ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಜಾಗ. ಯಾವ ರೈತರಿಂದ ಎಷ್ಟು ಕೆಜಿ ಗೂಡು ಬಂತು, ಎಷ್ಟು ನೂಲು ಬಿಚ್ಚಿತು, ಯಾರಿಗೆ ಎಷ್ಟು ಬಾಕಿ, ಎಲ್ಲ ಲೆಕ್ಕವೂ ವಿಂಡೋಸ್‌ಗೂ ಮುಂಚಿನ ಡಾಸ್ ಎಂಬ ಆಪರೇಟಿಂಗ್ ಸಿಸ್ಟಂ ಕಾಲದ, ಫಾಕ್ಸ್‌ಪ್ರೋ ಎಂಬ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಮಾಡಿದ ಒಂದು ಪ್ರೋಗ್ರಾಂನಲ್ಲಿತ್ತು. ಹಳೇ ಕಂಪ್ಯೂಟರ್ ಕೈಕೊಟ್ಟಿತು. ಹೊಸದು ತಂದು ಆ ಫೋಲ್ಡರ್ ಹಾಕಿದೆವು. ಡಬಲ್ ಕ್ಲಿಕ್ ಮಾಡಿದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ ಅಂತ ಸಂದೇಶ ಬಂತು. ಇಷ್ಟು ವರ್ಷದ ಲೆಕ್ಕ ಹೋಯಿತು ಅಂತ ಮಾವ ಕುಸಿದು ಕೂತರು.

ಏನೂ ಹೋಗಿರಲಿಲ್ಲ. ಆ ಪ್ರೋಗ್ರಾಂ 16 ಬಿಟ್‌ನದು, ಅಂದರೆ ಹಳೇ ಬಗೆಯ ಪ್ರೊಸೆಸರಿಗೆ ಬರೆದದ್ದು. 64 ಬಿಟ್ ವಿಂಡೋಸ್‌ನಲ್ಲಿ ಅಂಥದ್ದನ್ನು ಓಡಿಸುವ ಭಾಗವೇ ಇಲ್ಲ. ವಿಂಡೋಸ್ 11 ಅಂತೂ ಬರುವುದೇ 64 ಬಿಟ್‌ನಲ್ಲಿ. ಇಂಥ ಕಡೆ ಬೇಕಾಗುವುದು ಎಮ್ಯುಲೇಟರ್: ಒಂದು ಯಂತ್ರದೊಳಗೆ ಕೂತು, ಬೇರೊಂದು ಯಂತ್ರದ ಹಾಗೆಯೇ ನಡೆದುಕೊಳ್ಳುವ ವ್ಯವಸ್ಥೆ.

ನಮ್ಮ ಕಡೆಯವರಿಗೆ ಹುಳು ಮನೆ ಗೊತ್ತಲ್ವಾ? ಚಾಕಿ ಹುಳುವಿಗೆ, ಅಂದರೆ ಎಳೇ ರೇಷ್ಮೆ ಹುಳುವಿಗೆ, 27–28 ಡಿಗ್ರಿ ಶಾಖ ಬೇಕು, ತೇವ ಜಾಸ್ತಿ ಬೇಕು. ಹೊರಗೆ ಚಳಿ ಇರಲಿ, ಬಿಸಿಲಿರಲಿ, ಹುಳು ಬದಲಾಗುವುದಿಲ್ಲ. ಅದಕ್ಕೆ ಒಗ್ಗುವ ಹಾಗೆ ಮನೆಯೊಳಗಿನ ಹವೆಯನ್ನೇ ನಾವು ಹೊಂದಿಸುತ್ತೇವೆ. ಎಮ್ಯುಲೇಟರ್ ಮಾಡುವುದೂ ಅದನ್ನೇ. ಪ್ರೋಗ್ರಾಂನಲ್ಲಿ ಒಂದಕ್ಷರ ತಿದ್ದುವುದಿಲ್ಲ. ಅದರ ಸುತ್ತ ಹಳೇ ಪಿಸಿಯ ಪ್ರೊಸೆಸರ್, ಮೆಮೊರಿ, ಪರದೆ, ಕೀಬೋರ್ಡು ಎಲ್ಲವನ್ನೂ ಸಾಫ್ಟ್‌ವೇರ್‌ನಲ್ಲೇ ಕಟ್ಟಿಕೊಡುತ್ತದೆ.

ಈ ಕಲ್ಪನೆ ಹೊಸದಲ್ಲ. 1964ರಲ್ಲಿ ಬಂದ ಐಬಿಎಂ ಸಿಸ್ಟಂ/360 ಸಾಲಿನ ಕೆಲವು ಯಂತ್ರಗಳಲ್ಲೇ ಐಬಿಎಂನದೇ ಹಳೇ 1401 ಕಂಪ್ಯೂಟರಿನ ಪ್ರೋಗ್ರಾಂ ಓಡಿಸುವ ಎಮ್ಯುಲೇಟರ್ ಇತ್ತು. ಡಾಸ್‌ಗೆ ಹೆಸರಾದದ್ದು ಡಾಸ್‌ಬಾಕ್ಸ್. 2002ರಲ್ಲಿ ಬಂತು, ಉಚಿತ. ನಮ್ಮ ಎಷ್ಟೋ ಕಾಲೇಜು ಮಕ್ಕಳು ಪ್ರೋಗ್ರಾಂ ಬರೆಯುವ ಟರ್ಬೋ ಸಿಯ ನೀಲಿ ಪರದೆ ನೋಡಿದ್ದು ಇದರೊಳಗೇ.

ವೇಗದ ವಿಷಯ ನನಗೆ ತುಂಬಾ ಇಷ್ಟ. ಟರ್ಬೋ ಪ್ಯಾಸ್ಕಲ್ ಎಂಬ ಡಾಸ್ ಕಾಲದ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಕೆಲವು ಪ್ರೋಗ್ರಾಂಗಳು ವೇಗದ ಕಂಪ್ಯೂಟರಿನಲ್ಲಿ ಶುರುವಿಗೇ 'ರನ್‌ಟೈಮ್ ಎರರ್ 200' ಅಂತ ನಿಂತುಬಿಡುತ್ತವೆ. ಶುರುವಿನಲ್ಲಿ ಅವು ಯಂತ್ರದ ವೇಗ ಅಳೆಯುತ್ತವೆ. ವೇಗ ಜಾಸ್ತಿಯಾದರೆ ಆ ಲೆಕ್ಕವೇ ಎಡವುತ್ತದೆ. ಹುಳು ಮನೆಗೆ ಶಾಖ ಹೆಚ್ಚಾದ ಹಾಗೆ. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ಒಳಗಿನ ಯಂತ್ರ ನಿಧಾನವಾಗುತ್ತದೆ, ಎಫ್12 ಒತ್ತಿದರೆ ಚುರುಕಾಗುತ್ತದೆ.

ವರ್ಚುವಲ್ ಮಷಿನ್ ಅನ್ನುವುದು ಇದರ ಹತ್ತಿರದ ನೆಂಟ. ಅದು ಆದಷ್ಟೂ ನಿಜವಾದ ಪ್ರೊಸೆಸರನ್ನೇ ಬಳಸುತ್ತದೆ. ಅದರೊಳಗೆ ಡಾಸ್‌ನ ಹಾಗೆಯೇ ಕೆಲಸ ಮಾಡುವ ಉಚಿತ ಫ್ರೀಡಾಸ್ ಹಾಕಿಕೊಂಡೂ ಕೆಲಸ ನಡೆಸಬಹುದು.

ನಮಗೆ ಕಷ್ಟವಾದದ್ದು ಪ್ರಿಂಟು. ಡಾಸ್‌ಬಾಕ್ಸ್ ಮಾಡಿರುವುದು ಮುಖ್ಯವಾಗಿ ಆಟಗಳಿಗೆ, ಅದರಲ್ಲಿ ಪ್ರಿಂಟರ್ ವ್ಯವಸ್ಥೆ ಇಲ್ಲ. ಬಿಲ್ಲು ಬೇಕಾದವರು ಸುಮ್ನೆ ಅದರ ಜೊತೆ ಗುದ್ದಾಡಬೇಡಿ. ಡಾಸ್‌ಬಾಕ್ಸ್-ಎಕ್ಸ್ ಅಥವಾ ವಿಡಾಸ್ ಹಾಕಿಕೊಳ್ಳಿ, ಎರಡರಲ್ಲೂ ಪ್ರಿಂಟ್ ಬರುತ್ತದೆ. ನಾವು ಡಾಸ್‌ಬಾಕ್ಸ್-ಎಕ್ಸ್ ಹಾಕಿದೆವು. 'ಮೌಂಟ್' ಆಜ್ಞೆ ಕೊಟ್ಟು, ಫೋಲ್ಡರನ್ನು ಸಿ ಡ್ರೈವ್ ಅಂತ ತೋರಿಸಿದೆವು. ಮಾವನ ಹಳೇ ಮೆನು ಹಾಗೇ ಎದ್ದು ಬಂತು.

ಡೇಟಾ ಇರುವುದು ಹೊಸ ಕಂಪ್ಯೂಟರಿನ ನಿಜವಾದ ಫೋಲ್ಡರಿನಲ್ಲೇ. ಹಾಗಾಗಿ ಪೆನ್‌ಡ್ರೈವ್‌ಗೆ ಕಾಪಿ ಮಾಡುವುದು ಸುಲಭ. ಆದರೆ ಮುಗಿಸುವಾಗ ಕಿಟಕಿಯ ಮೂಲೆಯ ಗುರುತು ಒತ್ತಿ ಮುಚ್ಚಬಾರದು, ತೆರೆದಿರುವ ಡಿಬಿಎಫ್ ಫೈಲ್ (ಫಾಕ್ಸ್‌ಪ್ರೋ ಲೆಕ್ಕ ಇಡುವ ಫೈಲ್) ಕೆಡಬಹುದು. ಮೊದಲು ಪ್ರೋಗ್ರಾಂನಿಂದ ಹೊರಬರಬೇಕು, ಆಮೇಲೆ 'ಎಕ್ಸಿಟ್' ಕೊಡಬೇಕು. ಮಾವ ಇದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದಾರೆ.