ಸಹಿ ಹಾಕಿದ ಖಾಲಿ ಚೆಕ್ ಮತ್ತು 138ನೇ ಸೆಕ್ಷನ್

ಚೆಕ್ ಬೌನ್ಸ್ ಕೇಸು ನಡೆಯುವುದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿಯಲ್ಲಿ. ಕಾಯ್ದೆ 1881ರದು, ಈ ಸೆಕ್ಷನ್ ಜಾರಿಗೆ ಬಂದದ್ದು 1989ರಲ್ಲಿ. ಶಿಕ್ಷೆ 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಪರೀಕ್ಷೆಗೆ ಓದುವವರಿಗೆ ಇಷ್ಟು ಸಾಕಾಗಬಹುದು. ಆದರೆ ಕೈಸಾಲಕ್ಕೆ ಭದ್ರತೆ ಅಂತ ಖಾಲಿ ಚೆಕ್‌ಗೆ ಸಹಿ ಹಾಕಿ ಕೊಟ್ಟವರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಉಪಯೋಗವಾಗುವಂತೆ ಇದನ್ನು ಕಲಿಯೋಣ.

ಮೊದಲು ದಿನಗಳ ಲೆಕ್ಕ. ಬ್ಯಾಂಕಿನಿಂದ ಚೆಕ್ ವಾಪಸ್ ಬಂದ ಮಾಹಿತಿ ಮಾರ್ಚ್ 5ಕ್ಕೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಸಾಲ ಕೊಟ್ಟವರು 30 ದಿನದೊಳಗೆ, ಅಂದರೆ ಏಪ್ರಿಲ್ 4ರೊಳಗೆ ನೋಟಿಸ್ ಕಳಿಸಬೇಕು. ಅದು ಏಪ್ರಿಲ್ 10ಕ್ಕೆ ಕೈಸೇರಿದರೆ, ಹಣ ಕಟ್ಟಲು 15 ದಿನ, ಅಂದರೆ ಏಪ್ರಿಲ್ 25ರವರೆಗೆ ಅವಕಾಶವಿದೆ. ಆಗಲೂ ಕಟ್ಟದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ದೂರು ತಡವಾದರೆ ಸರಿಯಾದ ಕಾರಣ ಇದ್ದಾಗ ಕೋರ್ಟ್ ಮನ್ನಿಸಬಹುದು. ನೋಟಿಸ್ ತಡವಾದರೆ ಮನ್ನಿಸುವ ಅವಕಾಶವಿಲ್ಲ. ಹಾಗಾಗಿ ನೋಟಿಸ್ ಬಂದ ಲಕೋಟೆಯನ್ನು ಎಸೆಯಬೇಡಿ, ತಾರೀಖು ಅದರ ಮೇಲೇ ಇರುತ್ತದೆ. ಪೋಸ್ಟ್‌ಮನ್ ತಂದದ್ದನ್ನು ಬೇಡ ಅಂತ ವಾಪಸ್ ಕಳಿಸಿದರೂ ಪ್ರಯೋಜನವಿಲ್ಲ. ವಿಳಾಸ ಸರಿಯಿದ್ದರೆ ನೋಟಿಸ್ ತಲುಪಿತೆಂದೇ ಲೆಕ್ಕ.

ಇನ್ನು ಜನ ಜಾಸ್ತಿ ಎಡವುವ ಜಾಗ. 'ಮೊತ್ತ ನಾನು ಬರೆದಿಲ್ಲ, ಅವರೇ ತುಂಬಿಕೊಂಡರು' ಅಂತ ಹೇಳಿದರೆ ಕೇಸು ಬಿದ್ದುಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಸಹಿ ನಿಮ್ಮದು ಅಂತಾದರೆ, ಆ ಚೆಕ್ ಸಾಲ ತೀರಿಸಲೆಂದೇ ಕೊಟ್ಟದ್ದು ಅಂತ ಕೋರ್ಟ್ ಭಾವಿಸುತ್ತದೆ. ಇದು 139ನೇ ಸೆಕ್ಷನ್. ಅಲ್ಲ ಅಂತ ತೋರಿಸುವ ಹೊರೆ ಸಹಿ ಹಾಕಿದವರ ಮೇಲೆ ಬೀಳುತ್ತದೆ. ಕರ್ನಾಟಕದಿಂದ ಹೋದ ಒಂದು ಕೇಸಿನಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಚೆಕ್ ಕಳೆದುಹೋಗಿತ್ತು ಅನ್ನುವುದು ಆರೋಪಿಯ ವಾದ. ಆದರೆ ನೋಟಿಸಿಗೆ ಅವರು ಉತ್ತರವನ್ನೇ ಕೊಟ್ಟಿರಲಿಲ್ಲ. ಆ ಮೌನವೂ ಅವರ ವಿರುದ್ಧ ಹೋಯಿತು.

ಹಾಗಂತ ದಾರಿ ಮುಚ್ಚಿಲ್ಲ. ಹೊರೆ ಹಗುರವೇ: ಆರೋಪಿಯ ಮಾತು ನಂಬುವಂತಿದ್ದರೆ ಸಾಕು, ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ. 2019ರಲ್ಲಿ ನಮ್ಮ ರಾಜ್ಯದ್ದೇ ಇನ್ನೊಂದು ಕೇಸಿತ್ತು, 6 ಲಕ್ಷದ ಚೆಕ್. ಅಷ್ಟು ಸಾಲ ಕೊಡುವಷ್ಟು ಹಣ ದೂರುದಾರರ ಬಳಿ ಇತ್ತೇ ಅನ್ನುವ ಪ್ರಶ್ನೆ ಎದ್ದಿತು. ತೃಪ್ತಿಯಾಗುವ ಉತ್ತರ ಸಿಗಲಿಲ್ಲ, ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು. ಚೆಕ್ ಕೊಟ್ಟ ಮೇಲೆ ಸಾಲದಲ್ಲಿ ಸ್ವಲ್ಪ ತೀರಿಸಿದ್ದರೆ ಅದೂ ದೊಡ್ಡ ಆಧಾರ. ಕಟ್ಟಿದ್ದನ್ನು ಚೆಕ್‌ನಲ್ಲಿ ನಮೂದಿಸದೆ ಸಾಲ ಕೊಟ್ಟವರು ಪೂರ್ತಿ ಮೊತ್ತಕ್ಕೇ ಬ್ಯಾಂಕಿಗೆ ಹಾಕಿದರೆ 138ರ ಕೇಸು ಬಿದ್ದುಹೋಗುತ್ತದೆ ಅಂತ ಸುಪ್ರೀಂ ಕೋರ್ಟಿನ 2022ರ ತೀರ್ಪು ಹೇಳುತ್ತದೆ. ಆದರೆ ಕಟ್ಟಿದ್ದಕ್ಕೆ ದಾಖಲೆ ಬೇಕು ಅಲ್ವಾ? ದಯವಿಟ್ಟು ಕಂತನ್ನು ಕೈಯಲ್ಲಿ ನಗದಾಗಿ ಕೊಡಬೇಡಿ. ಯುಪಿಐ ಇಲ್ಲವೇ ಬ್ಯಾಂಕ್ ಮೂಲಕವೇ ಕಳಿಸಿ.

ಈ ಅಪರಾಧಕ್ಕೆ ಜಾಮೀನು ಸಿಗುತ್ತದೆ. ಯಾವ ಹಂತದಲ್ಲಾದರೂ ರಾಜಿಗೂ ಅವಕಾಶವಿದೆ, ಲೋಕ ಅದಾಲತ್‌ನಲ್ಲಿ ಇಂಥ ಕೇಸುಗಳು ತುಂಬಾ ಇತ್ಯರ್ಥವಾಗುತ್ತವೆ. ಸಮನ್ಸ್ ಬಂದಾಗ ಮಾತ್ರ ತಪ್ಪಿಸಿಕೊಳ್ಳಬೇಡಿ, ವಾರಂಟ್ ಆಗುವುದು ಆಗಲೇ.

ವಕೀಲರ ಫೀಸಿಗೆ ಹೆದರಿ ಸುಮ್ನೆ ಕೂರುವವರಿಗೆ ಒಂದು ವಿಷಯ ಹೇಳಲೇಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಉಳಿದವರಲ್ಲಿ ಕಡಿಮೆ ಆದಾಯದವರಿಗೂ ಸಿಗುತ್ತಾರೆ. ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ನೋಟಿಸ್, ಲಕೋಟೆ, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಬಗ್ಗೆ ಆಡಿದ ವಾಟ್ಸಾಪ್ ಮಾತುಕತೆ ಎಲ್ಲವನ್ನೂ ತೆಗೆದುಕೊಂಡು ಹೋಗಿ. ಆ 15 ದಿನ ಮುಗಿಯುವ ಮೊದಲೇ ಹೋಗಿ.