ಲ್ಯಾಪ್‌ಟಾಪ್ ಇಲ್ಲ, ಡಿಪಾರ್ಟ್‌ಮೆಂಟ್ ಲ್ಯಾಬ್ ಒಂದೇ ಗತಿ: ಪ್ರಾಜೆಕ್ಟ್ ಮುಗಿಸಬಹುದಾ?

ಪ್ರಶ್ನೆ: ನಾನು ಎಂಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ಸ್ವಂತ ಲ್ಯಾಪ್‌ಟಾಪ್ ಇಲ್ಲ. ಡಿಪಾರ್ಟ್‌ಮೆಂಟಿನ ಕಂಪ್ಯೂಟರ್ ಲ್ಯಾಬ್‌ನಲ್ಲೇ ಪ್ರಾಜೆಕ್ಟ್ ಮಾಡಬೇಕು. ಆದರೆ ಅಲ್ಲಿ ಬೇಕಾದ ಸಾಫ್ಟ್‌ವೇರ್ ಹಾಕಿಕೊಳ್ಳಲು ಬಿಡಲ್ಲ, ಪೆನ್ ಡ್ರೈವ್ ಚುಚ್ಚಿದರೆ ಬೈತಾರೆ, ಡೆಸ್ಕ್‌ಟಾಪ್ ಮೇಲೆ ಇಟ್ಟ ಫೈಲ್ ಮಾರನೇ ದಿನ ಇರಲ್ಲ. ಇಷ್ಟೆಲ್ಲ ರೂಲ್ಸ್ ಇಟ್ಟುಕೊಂಡು ಕೆಲಸ ಆಗುತ್ತಾ?

ಉತ್ತರ: ಖಂಡಿತ ಆಗುತ್ತದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸ್ವಂತ ಲ್ಯಾಪ್‌ಟಾಪ್ ಇಲ್ಲದೆ ಪಿಜಿ ಮುಗಿಸುವವರು ಈಗಲೂ ಇದ್ದಾರೆ, ಲ್ಯಾಬ್ ಇರುವುದೇ ಅವರಿಗಾಗಿ. ಆದರೆ ಲ್ಯಾಬಿನ ಮಷೀನನ್ನು ಸ್ವಂತದ್ದು ಅಂದುಕೊಂಡು ಬಳಸಲು ಹೋದರೆ ದಿನಾ ತಲೆನೋವು. ನಿಮ್ಮ ಫೈಲ್ ಎಲ್ಲಿ ಉಳಿಯುತ್ತದೆ, ನಿಮ್ಮ ಲಾಗಿನ್‌ಗೆ ಏನೇನು ಮಾಡುವ ಅಧಿಕಾರ ಇದೆ, ಇವೆರಡು ಗೊತ್ತಾದರೆ ಮುಕ್ಕಾಲು ಪಾಲು ಸಮಸ್ಯೆ ತೀರಿತು.

ಮೊದಲು ಮಾಯವಾದ ಫೈಲಿನ ವಿಷಯ. ಅದನ್ನು ಬಹುಶಃ ಯಾರೂ ಅಳಿಸಿಲ್ಲ. ಬಹಳಷ್ಟು ಕಾಲೇಜು ಲ್ಯಾಬುಗಳ ವಿಂಡೋಸ್ ಮಷೀನುಗಳಲ್ಲಿ ಡೀಪ್ ಫ್ರೀಜ್ ಅಥವಾ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಇರುತ್ತದೆ. ಪರದೆಯ ಕೆಳಗೆ ಗಡಿಯಾರದ ಪಕ್ಕ ಪುಟ್ಟ ಬಿಳಿ ಕರಡಿಯ ಚಿತ್ರ ಕಂಡರೆ ಅದೇ. ಅದು ಸಿ ಡ್ರೈವನ್ನು ಒಂದು ಸ್ಥಿತಿಯಲ್ಲಿ ಹಿಡಿದಿಟ್ಟಿರುತ್ತದೆ. ನೀವು ಏನೇ ಬದಲಾಯಿಸಿ, ಏನೇ ಸೇವ್ ಮಾಡಿ, ಮಷೀನ್ ರೀಸ್ಟಾರ್ಟ್ ಆದ ಕೂಡಲೇ ಎಲ್ಲ ಹಳೆಯ ಸ್ಥಿತಿಗೆ ಬರುತ್ತದೆ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಮೈ ಡಾಕ್ಯುಮೆಂಟ್ಸ್ ಎಲ್ಲ ಸಿ ಡ್ರೈವಿನಲ್ಲೇ ಇರುವುದರಿಂದ ಅಲ್ಲಿಟ್ಟದ್ದೂ ಹೋಗುತ್ತದೆ. ಮಧ್ಯಾಹ್ನ ಊಟಕ್ಕೆ ಹೋಗಿದ್ದಾಗ ಕರೆಂಟ್ ಹೋಗಿ ಬಂದರೂ ಸಾಕು, ಬೆಳಗ್ಗೆಯಿಂದ ಮಾಡಿದ್ದು ಇರುವುದಿಲ್ಲ. ನಿಮಗೆ ಇದು ಕ್ರೂರ ಅನ್ನಿಸಬಹುದು. ಆದರೆ ದಿನಕ್ಕೆ ಮೂರು ಬ್ಯಾಚ್ ಬಂದು ಹೋಗುವ ಲ್ಯಾಬಿನಲ್ಲಿ ಒಬ್ಬ ಅಟೆಂಡರ್, ಒಬ್ಬ ಪ್ರೋಗ್ರಾಮರ್ ಇದ್ದರೆ ಅದೇ ದೊಡ್ಡದು. ಯಾರೋ ತಂದ ವೈರಸ್, ಯಾರೋ ಕೆಡಿಸಿದ ಸೆಟ್ಟಿಂಗ್ ಎಲ್ಲ ಒಂದು ರೀಸ್ಟಾರ್ಟ್‌ನಲ್ಲಿ ಸರಿಹೋಗುತ್ತದಲ್ಲ, ಅದಕ್ಕೇ ಈ ವ್ಯವಸ್ಥೆ.

ಹಾಗಾಗಿ ಮೊದಲನೇ ದಿನವೇ ಲ್ಯಾಬ್ ಇನ್‌ಚಾರ್ಜ್ ಹತ್ತಿರ ಒಂದು ಮಾತು ಕೇಳಿ: "ಸರ್, ರೀಸ್ಟಾರ್ಟ್ ಆದಮೇಲೂ ಉಳಿಯೋ ಜಾಗ ಯಾವುದು?" ಕೆಲವು ಕಡೆ ಡಿ ಡ್ರೈವನ್ನು ಫ್ರೀಜ್ ಮಾಡದೆ ಬಿಟ್ಟಿರುತ್ತಾರೆ. ಅಲ್ಲಿ ಫೈಲ್ ಉಳಿಯುತ್ತದೆ, ಆದರೆ ಮುಂದಿನ ಬ್ಯಾಚಿನವರು ಜಾಗ ಸಾಲದೆ ನಿಮ್ಮ ಫೋಲ್ಡರ್ ತೆಗೆದುಹಾಕಬಹುದು. ಅಲ್ಲಿರುವುದೇ ಏಕೈಕ ಪ್ರತಿ ಆಗದಂತೆ ನೋಡಿಕೊಳ್ಳಿ.

ಲಿನಕ್ಸ್ ಇರುವ ಲ್ಯಾಬಿನಲ್ಲಿ ಕಥೆಯೇ ಬೇರೆ. ಸಾಮಾನ್ಯವಾಗಿ ನಿಮ್ಮ ಹೆಸರಿನ ಹೋಮ್ ಫೋಲ್ಡರ್ ಸರ್ವರ್‌ನಲ್ಲಿರುತ್ತದೆ, ಯಾವ ಮಷೀನಿನಲ್ಲಿ ಕೂತರೂ ಅದೇ ತೆರೆಯುತ್ತದೆ. ಅನುಕೂಲ ಹೌದು, ಆದರೆ ಒಬ್ಬೊಬ್ಬರಿಗೂ ಇಷ್ಟೇ ಜಾಗ ಎಂಬ ಕೋಟಾ ಇರುತ್ತದೆ. ಅದು ತುಂಬಿದಾಗ ಬರುವ ತೊಂದರೆ ಹೊಸಬರಿಗೆ ಅರ್ಥವೇ ಆಗುವುದಿಲ್ಲ. ಪಾಸ್‌ವರ್ಡ್ ಸರಿಯಾಗೇ ಹಾಕುತ್ತೀರಿ, ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮತ್ತೆ ಅದೇ ಲಾಗಿನ್ ಪುಟ. ಹತ್ತು ಸಲ ಹಾಕಿದರೂ ಅಷ್ಟೇ. ಪಾಸ್‌ವರ್ಡ್ ಮರೆತಿದ್ದೀರಿ ಅಂದುಕೊಂಡು ಬದಲಾಯಿಸಲು ಓಡಬೇಡಿ. ಒಳಗೆ ಹೋಗುವಾಗ ಸಿಸ್ಟಮ್ ಕೆಲವು ಸಣ್ಣ ಫೈಲುಗಳನ್ನು ನಿಮ್ಮ ಫೋಲ್ಡರಿನಲ್ಲಿ ಬರೆಯಬೇಕು, ಜಾಗ ಇಲ್ಲದ್ದರಿಂದ ಹೊರಗೆ ತಳ್ಳುತ್ತಿದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರೀ ಅಕ್ಷರಗಳ ಕಪ್ಪು ಪರದೆ ಬರುತ್ತದೆ. ಅಲ್ಲಿ ಲಾಗಿನ್ ಆಗಿ ದೊಡ್ಡ ಫೈಲ್ ಒಂದೆರಡು ತೆಗೆದರೆ ಮತ್ತೆ ದಾರಿ ಬಿಡುತ್ತದೆ. ಭಯ ಆದರೆ ಪ್ರೋಗ್ರಾಮರ್ ಅವರನ್ನು ಕರೆಯಿರಿ, ಎರಡು ನಿಮಿಷದ ಕೆಲಸ. ಜಾಗ ತಿನ್ನುವುದು ಹೆಚ್ಚಾಗಿ ಬ್ರೌಸರಿನ ಕ್ಯಾಶ್ (ಅದು ತಾನಾಗಿ ಕೂಡಿಡುವ ತಾತ್ಕಾಲಿಕ ಫೈಲುಗಳು), ಪ್ರಾಜೆಕ್ಟಿಗೆ ಇಳಿಸಿಕೊಂಡ ಡೇಟಾಸೆಟ್‌ನ ಜಿಪ್ ಫೈಲ್, ಮತ್ತು ಟ್ರ್ಯಾಶ್. ಡಿಲೀಟ್ ಒತ್ತಿದ ಫೈಲ್ ಟ್ರ್ಯಾಶ್‌ನಲ್ಲಿ ಕೂತು ನಿಮ್ಮ ಕೋಟಾ ತಿನ್ನುತ್ತಲೇ ಇರುತ್ತದೆ. ಅದನ್ನು ಖಾಲಿ ಮಾಡುವುದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ.

ಈಗ ಸಾಫ್ಟ್‌ವೇರ್. ಲ್ಯಾಬಿನ ಲಾಗಿನ್‌ಗೆ ಅಡ್ಮಿನ್ ಅಧಿಕಾರ ಕೊಡುವುದಿಲ್ಲ, ಕೊಡಲೂಬಾರದು. ನೀವು ಒಂದು ಲೈಬ್ರರಿಯ (ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡಿನ ಕಟ್ಟು) ಹೊಸ ವರ್ಷನ್ ಹಾಕಿದರೆ ಮಾರನೇ ದಿನ ಜೂನಿಯರ್‌ಗಳ ಲ್ಯಾಬ್ ಪರೀಕ್ಷೆಯಲ್ಲಿ ಇನ್ನೊಂದು ಪ್ರೋಗ್ರಾಂ ಓಡದೇ ಹೋಗಬಹುದು. ಆದರೆ ಅಡ್ಮಿನ್ ಅಧಿಕಾರ ಇಲ್ಲದೆಯೂ ಎಷ್ಟೋ ಕೆಲಸ ಆಗುತ್ತದೆ, ಇದು ಬಹಳ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಪೈಥಾನ್‌ನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬ ಸೌಲಭ್ಯ ಇದೆ. ಅದನ್ನು ನಿಮ್ಮದೇ ಫೋಲ್ಡರಿನಲ್ಲಿ ಮಾಡಿಕೊಂಡರೆ ಬೇಕಾದ ಲೈಬ್ರರಿಗಳೆಲ್ಲ ಅದರೊಳಗೇ ಕೂರುತ್ತವೆ, ಉಳಿದವರಿಗೆ ಏನೂ ಆಗುವುದಿಲ್ಲ. ಪೈಥಾನ್ ಮತ್ತು ಅದರ ಲೈಬ್ರರಿಗಳನ್ನು ಹಾಕಿಕೊಡುವ ಮಿನಿಕೊಂಡಾ ಕೂಡ ಹೋಮ್ ಫೋಲ್ಡರಿನಲ್ಲೇ ಇನ್‌ಸ್ಟಾಲ್ ಆಗುತ್ತದೆ. ಸಂಖ್ಯಾಶಾಸ್ತ್ರದವರು ಬಳಸುವ ಆರ್ (R) ಭಾಷೆಯಲ್ಲಿ ಪ್ಯಾಕೇಜ್ ಹಾಕುವಾಗ "ಪರ್ಸನಲ್ ಲೈಬ್ರರಿ ಬಳಸಲೇ?" ಅಂತ ಅದೇ ಕೇಳುತ್ತದೆ, ಹೌದು ಅಂದರೆ ಮುಗಿಯಿತು. ಫ್ರೀಜ್ ಆಗಿರುವ ವಿಂಡೋಸ್ ಮಷೀನಿನಲ್ಲಿ ಇವೂ ರೀಸ್ಟಾರ್ಟ್‌ನಲ್ಲಿ ಹೋಗುತ್ತವೆ. ಲ್ಯಾಬಿನಲ್ಲಿ ಎರಡೂ ಇದ್ದರೆ ಪ್ರಾಜೆಕ್ಟ್ ಕೆಲಸಕ್ಕೆ ಲಿನಕ್ಸ್ ಹಿಡಿಯಿರಿ.

ಇಡೀ ಲ್ಯಾಬಿಗೇ ಬೇಕಾದ ಸಾಫ್ಟ್‌ವೇರ್ ಆದರೆ ಬರೆದು ಕೊಡಿ. ಹೆಸರು, ವರ್ಷನ್, ಉಚಿತವೋ ಲೈಸೆನ್ಸ್ ಬೇಕೋ, ಯಾವ ಪೇಪರಿಗೆ ಬೇಕು, ಇಷ್ಟು ಬರೆದು ಗೈಡ್ ಸಹಿ ಹಾಕಿಸಿ. ಸೆಮಿಸ್ಟರ್ ಶುರುವಾಗುವ ಮೊದಲು ಒಂದು ಮಷೀನ್ ಸಿದ್ಧ ಮಾಡಿ ಅದನ್ನೇ ಎಲ್ಲದಕ್ಕೂ ಕ್ಲೋನ್ ಮಾಡುವುದು ರೂಢಿ. ಆಗ ಕೇಳಿದರೆ ಸುಲಭವಾಗಿ ಸೇರಿಸುತ್ತಾರೆ. ಇಂಟರ್ನಲ್ಸ್ ಹೊತ್ತಿಗೆ ಹೋಗಿ ಕೇಳಿದರೆ ಯಾರೂ ಮಷೀನ್ ಮುಟ್ಟಲು ಒಪ್ಪುವುದಿಲ್ಲ.

ಲೆಕ್ಕಾಚಾರಕ್ಕೆ ಬಳಸುವ ಮ್ಯಾಟ್‌ಲ್ಯಾಬ್ ಅಂಥ ದುಡ್ಡಿನ ಸಾಫ್ಟ್‌ವೇರ್ ಇದ್ದರೆ ಅವುಗಳ ಲೈಸೆನ್ಸ್ ಹೆಚ್ಚಾಗಿ ಎಣಿಕೆಯ ಮೇಲೆ ಇರುತ್ತದೆ. ಏಕಕಾಲಕ್ಕೆ ಇಷ್ಟೇ ಜನ ತೆರೆಯಬಹುದು. ನೀವು ತೆರೆದಿಟ್ಟು ಕ್ಯಾಂಟೀನಿಗೆ ಹೋದರೆ ಆಚೆ ಸಾಲಿನಲ್ಲಿ ಒಬ್ಬರಿಗೆ "ಲೈಸೆನ್ಸ್ ಇಲ್ಲ" ಅಂತ ಬರುತ್ತಿರುತ್ತದೆ. ಕೆಲಸ ಮುಗಿದ ಕೂಡಲೇ ಮುಚ್ಚಿ. ಕ್ರ್ಯಾಕ್ ಮಾಡಿದ ಪ್ರತಿ ಮಾತ್ರ ಯಾವ ಕಾರಣಕ್ಕೂ ತರಬೇಡಿ. ಕಾನೂನಿನ ಮಾತು ಹಾಗಿರಲಿ, ವೈರಸ್ ಬರುವ ದೊಡ್ಡ ಬಾಗಿಲೇ ಅದು. ಮ್ಯಾಟ್‌ಲ್ಯಾಬ್ ಬದಲು ಆಕ್ಟೇವ್ ಅಥವಾ ಸೈಲ್ಯಾಬ್, ಅಂಕಿಅಂಶ ವಿಶ್ಲೇಷಣೆಯ ಎಸ್‌ಪಿಎಸ್‌ಎಸ್ ಬದಲು ಆರ್ ಅಥವಾ ಪಿಎಸ್‌ಪಿಪಿ, ಎಂಎಸ್ಸಿ ಮಟ್ಟದ ಬಹುಪಾಲು ಕೆಲಸಕ್ಕೆ ಇವು ಸಾಕು.

ಪೆನ್ ಡ್ರೈವ್‌ಗೆ ಯಾಕೆ ಬೈತಾರೆ ಅನ್ನುವುದಕ್ಕೆ ಶಾರ್ಟ್‌ಕಟ್ ವೈರಸ್ ಒಂದೇ ಉತ್ತರ ಸಾಕು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದು ಲ್ಯಾಬಿನಲ್ಲಿ ಚುಚ್ಚುತ್ತೀರಿ. ಒಳಗೆ ನಿಮ್ಮ ಫೋಲ್ಡರುಗಳ ಹೆಸರೇ ಇದೆ, ಆದರೆ ಪ್ರತಿಯೊಂದರ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತು. ನಿಜವಾದ ಫೋಲ್ಡರುಗಳನ್ನು ವೈರಸ್ ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿದೆ. ನೀವು ಡಬಲ್ ಕ್ಲಿಕ್ ಮಾಡಿದ ಕೂಡಲೇ ವೈರಸ್ ಓಡುತ್ತದೆ, ಆಮೇಲೆ ಆ ಮಷೀನಿಗೆ ಬಂದ ಪ್ರತಿಯೊಂದು ಡ್ರೈವಿಗೂ ಅಂಟುತ್ತದೆ. ಹೀಗೆ ಕಂಡರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ, ಯಾವುದನ್ನೂ ಕ್ಲಿಕ್ ಮಾಡಬೇಡಿ. ಫೈಲುಗಳು ಬಹುತೇಕ ಒಳಗೇ ಇರುತ್ತವೆ. ಲಿನಕ್ಸ್ ಮಷೀನಿನಲ್ಲಿ ತೆರೆದರೆ ಬಚ್ಚಿಟ್ಟ ಫೋಲ್ಡರುಗಳು ಸಾಮಾನ್ಯವಾಗಿ ಹಾಗೇ ಕಾಣಿಸುತ್ತವೆ, ಬೇಕಾದ್ದನ್ನು ನಕಲು ಮಾಡಿಕೊಂಡು ಡ್ರೈವ್ ಅಳಿಸಿ.

ಫೈಲ್ ಸಾಗಿಸಲು ಗೂಗಲ್ ಡ್ರೈವ್ ಒಳ್ಳೆಯದು. ಕೋಡ್ ಆದರೆ ಗಿಟ್ ಕಲಿಯಿರಿ, ಅದು ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಸಾಧನ. ದಿನದ ಕೊನೆಗೆ ಗಿಟ್‌ಹಬ್ ಜಾಲತಾಣಕ್ಕೆ ಪುಶ್ ಮಾಡುವ (ಕಳಿಸಿಡುವ) ಅಭ್ಯಾಸ ಇದ್ದವರಿಗೆ ಕರಡಿ ಇರುವ ಮಷೀನೂ ಒಂದೇ, ಇಲ್ಲದ ಮಷೀನೂ ಒಂದೇ.

ಬಾಗಿಲ ಬಳಿಯ ರಿಜಿಸ್ಟರ್‌ನಲ್ಲಿ ಹೆಸರು, ಮಷೀನ್ ನಂಬರ್, ಬಂದ ಹೊತ್ತು, ಹೋದ ಹೊತ್ತು ಬರೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ತೋರಿಸಲಿಕ್ಕೆ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ಸರ್ಕಾರಿ ಸಂಸ್ಥೆಗಳು, ಕಂಪನಿಗಳು ತಮ್ಮ ಸಿಸ್ಟಮ್‌ಗಳ ಲಾಗ್ ದಾಖಲೆಯನ್ನು 180 ದಿನ ಇಟ್ಟುಕೊಳ್ಳಬೇಕು. ಲ್ಯಾಬಿನಿಂದ ಯಾರೋ ಬೆದರಿಕೆ ಮೇಲ್ ಕಳಿಸಿದರು ಅಂದುಕೊಳ್ಳಿ. ಆ ಹೊತ್ತಿಗೆ ಆ ಮಷೀನಿನಲ್ಲಿ ಯಾರಿದ್ದರು ಎಂದು ಹುಡುಕುವಾಗ ನೀವು ಆಗಲೇ ಹೊರಟಿದ್ದಿರಿ ಎಂದು ಹೇಳುವುದು ನೀವು ಬರೆದ ಆ ಸಾಲು. ಅದೇ ಕಾರಣಕ್ಕೆ ನಿಮ್ಮ ಲಾಗಿನ್ ಗೆಳೆಯರಿಗೂ ಕೊಡಬೇಡಿ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಐಟಿ ಕಾಯ್ದೆಯ 66ಸಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಪರೀಕ್ಷೆ ಅರ್ಜಿ ತುಂಬುವ ದಿನಗಳಲ್ಲಿ ಇನ್ನೊಂದು ನೋಡುತ್ತೇನೆ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಯ ಪೋರ್ಟಲ್ ಯುಯುಸಿಎಂಎಸ್‌ಗೆ, ಜಿಮೇಲ್‌ಗೆ ಲಾಗಿನ್ ಆಗಿ, ಅವಸರದಲ್ಲಿ ಕಿಟಕಿ ಮುಚ್ಚಿ ಎದ್ದು ಹೋಗುತ್ತಾರೆ. ಮುಂದೆ ಕೂತವರಿಗೆ ಅವರ ಅಂಕಪಟ್ಟಿ, ಫೋಟೋ, ಫೋನ್ ನಂಬರ್ ಎಲ್ಲ ತೆರೆದೇ ಇರುತ್ತದೆ. ಹೆಣ್ಣುಮಕ್ಕಳಿಗೆ ಇದರಿಂದ ಆಗುವ ಕಿರುಕುಳ ಸಣ್ಣದಲ್ಲ. ಲಾಗ್ ಔಟ್ ಒತ್ತಿಯೇ ಏಳಿ. "ಪಾಸ್‌ವರ್ಡ್ ಸೇವ್ ಮಾಡಲೇ?" ಅಂದರೆ ಬೇಡ ಅನ್ನಿ. ವಾಟ್ಸ್ಯಾಪ್ ವೆಬ್ ತೆರೆದು ಮರೆತಿದ್ದರೆ ಫೋನಿನಲ್ಲಿ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಅಲ್ಲಿಂದಲೇ ತೆಗೆಯಬಹುದು.

ಚಪ್ಪಲಿ ಹೊರಗೆ, ಬ್ಯಾಗ್ ರ‍್ಯಾಕಿನಲ್ಲಿ, ನೀರಿನ ಬಾಟಲಿ ಮೇಜಿನ ಮೇಲೆ ಬೇಡ. ಇವು ಧೂಳು ಮತ್ತು ನೀರಿನ ಲೆಕ್ಕ, ಚರ್ಚೆಗೆ ಏನಿಲ್ಲ. ಕರೆಂಟ್ ಹೋದಾಗ ಲೇಸರ್ ಪ್ರಿಂಟರ್ ಓಡಿಸಲ್ಲ ಅಂದರೆ ಒಪ್ಪಿಕೊಳ್ಳಿ. ಅದರೊಳಗಿನ ಹೀಟರ್ ಒಮ್ಮೆಗೇ ಎಳೆಯುವ ಕರೆಂಟಿಗೆ ಯುಪಿಎಸ್ ಕೈಕೊಡುತ್ತದೆ.

ರೂಲ್ಸ್ ಇಷ್ಟು. ಇನ್ನು ಅದೇ ಲ್ಯಾಬಿನಲ್ಲಿ ಸಿಗುವುದು ಏನು ಅಂತ ನೋಡಿ, ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಫೋನಿನಲ್ಲಿ ಒಂದು ಸಂಶೋಧನಾ ಲೇಖನ ತೆರೆಯಲು ಹೋದರೆ ಮೂವತ್ತು ನಲವತ್ತು ಡಾಲರ್ ಕೇಳುತ್ತದೆ, ಅಲ್ವಾ? ಅದೇ ಕೊಂಡಿಯನ್ನು ಲ್ಯಾಬಿನ ಮಷೀನಿನಲ್ಲಿ ತೆರೆದು ನೋಡಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ "ಒಂದು ರಾಷ್ಟ್ರ ಒಂದು ಚಂದಾ" ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಿಗುತ್ತವೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಕ್ಯಾಂಪಸ್ ನೆಟ್‌ವರ್ಕಿನಿಂದ ಬಂದರೆ ಪ್ರಕಾಶಕರ ಸರ್ವರ್ ಗುರುತು ಹಿಡಿದು ಬಾಗಿಲು ತೆರೆಯುತ್ತದೆ, ನಿಮ್ಮ ಮೊಬೈಲ್ ಡೇಟಾದಿಂದ ಬಂದರೆ ಗುರುತು ಸಿಗುವುದಿಲ್ಲ. ಹಾಸ್ಟೆಲ್ಲಿನಿಂದ ಓದಬೇಕಿದ್ದರೆ ಇನ್‌ಫ್ಲಿಬ್‌ನೆಟ್‌ನ (ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಯುಜಿಸಿ ಕೇಂದ್ರ) ಇನ್‌ಫೆಡ್ ಲಾಗಿನ್, ಅಂದರೆ ಕ್ಯಾಂಪಸ್ ಹೊರಗಿನಿಂದಲೂ ಗುರುತು ತೋರಿಸುವ ಲಾಗಿನ್, ಇದೆಯಾ ಅಂತ ಲೈಬ್ರರಿಯಲ್ಲಿ ಕೇಳಿ. ಇದಕ್ಕೂ ಒಂದು ಎಚ್ಚರಿಕೆ ಬೇಕು: ಸಿಕ್ಕಿತು ಅಂತ ಜರ್ನಲ್‌ನ ಇಡೀ ಸಂಚಿಕೆಗಳನ್ನು ಸಾಲಾಗಿ ಇಳಿಸಬೇಡಿ. ಪ್ರಕಾಶಕರು ನಿಮ್ಮೊಬ್ಬರನ್ನು ಬಿಟ್ಟು ಇಡೀ ಕ್ಯಾಂಪಸ್ಸನ್ನೇ ತಡೆಯಬಹುದು.

ನಿಮ್ಮ ವಿಷಯದಲ್ಲಿ ಮೊದಲು ಆಗಿರುವ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತ. ಲಿನಕ್ಸ್, ಪೈಥಾನ್, ಲಿಬ್ರೆಆಫೀಸ್ ಗೊತ್ತಿಲ್ಲದಿದ್ದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ, ಎಷ್ಟೋ ಪಾಠಗಳು ಕನ್ನಡದಲ್ಲೇ ಇವೆ. ಒಂದೊಂದು ಹತ್ತು ನಿಮಿಷದ ಆಸುಪಾಸಿನದು, ಪಕ್ಕದಲ್ಲಿ ಕಿಟಕಿ ತೆರೆದು ಜೊತೆಜೊತೆಗೇ ಮಾಡುತ್ತಾ ಹೋಗಬಹುದು. ನಮ್ಮ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯೋಗದ ವಸ್ತು ನಾನು ಕಂಡಿಲ್ಲ.

ಡೀಪ್ ಲರ್ನಿಂಗ್ ಪ್ರಾಜೆಕ್ಟ್ ಆದರೆ ಲ್ಯಾಬಿನ ಮಷೀನಿಗೆ ಅಷ್ಟು ಶಕ್ತಿ ಇರುವುದಿಲ್ಲ. ಗೂಗಲ್ ಕೋಲ್ಯಾಬ್, ಕ್ಯಾಗಲ್ ಎರಡೂ ಬ್ರೌಸರಿನಲ್ಲೇ ಉಚಿತ ಜಿಪಿಯು (ಇಂಥ ಭಾರಿ ಲೆಕ್ಕಕ್ಕೆ ಬೇಕಾದ ವೇಗದ ಚಿಪ್) ಕೊಡುತ್ತವೆ. ಕೋಲ್ಯಾಬ್ ನಡುವೆ ಸಂಪರ್ಕ ಕಡಿದುಕೊಳ್ಳುತ್ತದೆ, ಆದ್ದರಿಂದ ಪ್ರತಿ ಹಂತದ ಫಲಿತಾಂಶ ಗೂಗಲ್ ಡ್ರೈವಿಗೆ ಸೇವ್ ಆಗುವಂತೆ ಕೋಡ್ ಬರೆಯಿರಿ. ರಾತ್ರಿಯಿಡೀ ಓಡಬೇಕಾದ ಲೆಕ್ಕಾಚಾರ ಇದ್ದರೆ ಮಷೀನ್ ಮೇಲೆ "ಆಫ್ ಮಾಡಬೇಡಿ" ಅಂತ ಚೀಟಿ ಅಂಟಿಸಿ ಹೋಗಬೇಡಿ, ಬೀಗ ಹಾಕುವಾಗ ಮೇನ್ ಸ್ವಿಚ್ಚೇ ಆಫ್ ಆಗುತ್ತದೆ. ವಿಭಾಗದ ಸರ್ವರ್‌ನಲ್ಲಿ ಲಾಗಿನ್ ಕೇಳಿ.

ಕಡೆಗೆ, ಲ್ಯಾಬಿನವರ ಪರವಾಗಿ ಇಷ್ಟು ಬರೆದ ಮೇಲೆ ನಿಮ್ಮ ಪರವಾಗಿಯೂ ಒಂದು ಮಾತು. ಪ್ರಾಕ್ಟಿಕಲ್ ಮುಗಿದ ಕೂಡಲೇ ಬೀಗ ಹಾಕುವ ಲ್ಯಾಬುಗಳು ಬಹಳ ಇವೆ. ಲ್ಯಾಪ್‌ಟಾಪ್ ಇಲ್ಲದ ಹುಡುಗ ಹುಡುಗಿಯರಿಗೆ ಇದು ಅನ್ಯಾಯ. ಪ್ರಾಜೆಕ್ಟ್ ಸೆಮಿಸ್ಟರಿನಲ್ಲಿ ಸಂಜೆ ಎರಡು ಗಂಟೆಯಾದರೂ ತೆರೆದಿಡಬೇಕು ಅಂತ ಕೇಳುವ ಹಕ್ಕು ನಿಮಗಿದೆ. ಒಬ್ಬರೇ ಹೋಗಿ ಬಾಯಿಮಾತಿನಲ್ಲಿ ಕೇಳಬೇಡಿ. ಬೇಕಾದವರೆಲ್ಲ ಸೇರಿ ಎಚ್‌ಓಡಿ ಅವರಿಗೆ ಅರ್ಜಿ ಕೊಡಿ. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ಎಷ್ಟು ಮಷೀನ್ ಅಂತ ನಿಖರವಾಗಿ ಬರೆಯಿರಿ. ಕೀ ತೆಗೆದುಕೊಂಡು ರಿಜಿಸ್ಟರ್ ನೋಡಿಕೊಳ್ಳಲು ಒಬ್ಬ ರಿಸರ್ಚ್ ಸ್ಕಾಲರ್ ಒಪ್ಪಿದರೆ ಅವರ ಸಹಿಯನ್ನೂ ಅದರಲ್ಲೇ ಹಾಕಿಸಿ. "ಜವಾಬ್ದಾರಿ ಯಾರದ್ದು?" ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಎಚ್‌ಓಡಿ ಅವರಿಗೂ ಹೂಂ ಅನ್ನುವುದು ಸುಲಭ.