ಮೀರಾ ನಿಜಕ್ಕೂ ಅಷ್ಟೊಂದು ಮಂಕಾಗುತ್ತದೆಯೇ?

ತಿಮಿಂಗಿಲ ನಕ್ಷತ್ರಪುಂಜದಲ್ಲಿ ಒಂದು ಕೆಂಪು ತಾರೆಯಿದೆ. ಹೆಸರು ಮೀರಾ. ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಬರಿಗಣ್ಣಿಗೆ ಕಾಣಿಸಿಕೊಳ್ಳುತ್ತದೆ, ಕೆಲವು ವಾರ ಬೆಳಗುತ್ತದೆ, ಮತ್ತೆ ಮಾಯ. 1596ರಲ್ಲಿ ಇದನ್ನು ಗುರುತಿಸಿದ ಖಗೋಳ ವೀಕ್ಷಕ ಡೇವಿಡ್ ಫ್ಯಾಬ್ರಿಷಿಯಸ್, ಯಾವುದೋ ನೋವಾ (ಹಠಾತ್ತನೆ ಬೆಳಗಿ ಮಂಕಾಗುವ ತಾರೆ) ಹೊತ್ತಿ ಆರಿಹೋಯಿತು ಎಂದುಕೊಂಡ. 1609ರಲ್ಲಿ ಅದೇ ಜಾಗದಲ್ಲಿ ಮತ್ತೆ ಕಂಡಿತು. ಈ ಆಟಕ್ಕೊಂದು ಲೆಕ್ಕವಿದೆ ಎಂದು ತೋರಿಸಿದವನು ಯೊಹಾನೆಸ್ ಹೋಲ್ವಾರ್ಡ, 1638ರಲ್ಲಿ. ಇಂದಿನ ಎಣಿಕೆಯಂತೆ ಸರಾಸರಿ ಅವಧಿ 332 ದಿನ.

ಕಣ್ಣಿಗೆ ಕಾಣುವ ಅದರ ಬೆಳಕು ನೂರಾರು ಪಟ್ಟು, ಕೆಲವು ಸಲ ಸಾವಿರ ಪಟ್ಟು ಏರಿಳಿಯುತ್ತದೆ. ಅಂದರೆ ನಕ್ಷತ್ರದ ಒಲೆಯೇ ಆರುತ್ತದೆಯೇ? ಇಲ್ಲ. ಅದು ಹೊರಸೂಸುವ ಒಟ್ಟು ಶಕ್ತಿ ಬದಲಾಗುವುದು ಎರಡು-ಮೂರು ಪಟ್ಟು ಮಾತ್ರ. ಉಳಿದದ್ದೆಲ್ಲ ನಮ್ಮ ಕಣ್ಣಿನ ಮಿತಿ.

ಮೀರಾದ ಮೇಲ್ಮೈ ತಾಪ ಸುಮಾರು 3000 ಕೆಲ್ವಿನ್, ಸೂರ್ಯನ ಅರ್ಧದಷ್ಟು. ಇಷ್ಟು ತಣ್ಣಗಿನ ತಾರೆ ತನ್ನ ಶಕ್ತಿಯ ಬಹುಪಾಲನ್ನು ಅವಕೆಂಪು ಕಿರಣಗಳಾಗಿ ಚೆಲ್ಲುತ್ತದೆ. ನಮಗೆ ಕಾಣುವುದು ಅದರ ಒಂದು ಅಂಚು. ತಾಪ ಕೆಲವು ನೂರು ಡಿಗ್ರಿ ಇಳಿದರೂ ಆ ಅಂಚು ತೀರಾ ಸಣ್ಣದಾಗುತ್ತದೆ. ಸಾಲದೆಂಬಂತೆ, ತಣಿದ ವಾತಾವರಣದಲ್ಲಿ ಟೈಟಾನಿಯಂ ಆಕ್ಸೈಡ್ ಅಣುಗಳು ಹೆಚ್ಚಾಗಿ, ಅಳಿದುಳಿದ ಬೆಳಕನ್ನೂ ಹೀರುತ್ತವೆ. ಹಾಗಾಗಿ ಮೀರಾ ದೊಡ್ಡದಾಗಿ ಹಿಗ್ಗಿದಾಗ ಮಂಕು, ಕುಗ್ಗಿ ಬಿಸಿಯಾದಾಗ ಪ್ರಕಾಶಮಾನ. ನಾವು ಊಹಿಸುವುದಕ್ಕೆ ತದ್ವಿರುದ್ಧ!

ಹಿಗ್ಗು-ಕುಗ್ಗಿಗೆ ಕಾರಣ ಹೊರಪದರದ ಹೈಡ್ರೋಜನ್. ಪದರ ಒತ್ತಿಕೊಂಡಾಗ ಅಲ್ಲಿನ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗುತ್ತ ಒಳಗಿನ ಶಾಖವನ್ನು ತಡೆದು ಕೂಡಿಡುತ್ತವೆ. ಒತ್ತಡ ಏರಿ ಪದರ ಹೊರಕ್ಕೆ ಉಬ್ಬುತ್ತದೆ, ಶಾಖ ಸೋರಿಹೋಗಿ ಮತ್ತೆ ಕುಸಿಯುತ್ತದೆ. ಈ ಕೆಂಪು ದೈತ್ಯನ ದ್ರವ್ಯರಾಶಿ ಸೂರ್ಯನದಕ್ಕಿಂತ ತುಸು ಹೆಚ್ಚಿರಬಹುದು, ತ್ರಿಜ್ಯ ಮಾತ್ರ 300 ಪಟ್ಟಿಗೂ ಮೀರಿದ್ದು. ಸೂರ್ಯನ ಜಾಗದಲ್ಲಿಟ್ಟರೆ ಭೂಮಿ ಅದರ ಒಳಗೇ ಇರುತ್ತದೆ. ಸರಾಸರಿ ಸಾಂದ್ರತೆಯೋ, ನಾವು ಉಸಿರಾಡುವ ಗಾಳಿಗಿಂತ ಸಾವಿರಾರು ಪಟ್ಟು ಕಡಿಮೆ. ಇದನ್ನು ನಕ್ಷತ್ರ ಎನ್ನುವುದಕ್ಕಿಂತ ಬಿಸಿ ಮಂಜಿನ ಉಂಡೆ ಎನ್ನುವುದೇ ಸರಿ, ಒಳಗಿನ ಪುಟ್ಟ ತಿರುಳನ್ನು ಬಿಟ್ಟರೆ.

ಅಷ್ಟು ಸಡಿಲವಾದ ಹೊರಪದರವನ್ನು ಮೀರಾ ಹಿಡಿದಿಟ್ಟುಕೊಳ್ಳಲಾರದು. ಪ್ರತಿ ಮಿಡಿತವೂ ಆಘಾತ ತರಂಗಗಳನ್ನೆಬ್ಬಿಸಿ ಅನಿಲವನ್ನು ಮೇಲೆತ್ತುತ್ತದೆ, ಅದು ತಣಿದು ಧೂಳಾಗುತ್ತದೆ, ಬೆಳಕಿನ ಒತ್ತಡ ಆ ಧೂಳನ್ನು ದೂರ ತಳ್ಳುತ್ತದೆ. ಒಂದಿಷ್ಟು ಅನಿಲವನ್ನು ಜೊತೆಯಲ್ಲೇ ಸುತ್ತುವ ಶ್ವೇತಕುಬ್ಜ (ಉರಿದು ಮುಗಿದ ತಾರೆಯ ಪುಟ್ಟ ತಿರುಳು) ಸಂಗಾತಿ ಎಳೆದುಕೊಳ್ಳುತ್ತದೆ. ಮಿಕ್ಕದ್ದು ಎಲ್ಲಿಗೆ ಹೋಗುತ್ತದೆ ಎಂಬುದು 2007ರಲ್ಲಿ ಗ್ಯಾಲೆಕ್ಸ್ ಉಪಗ್ರಹ ದೂರದರ್ಶಕದ ಚಿತ್ರಗಳಿಂದ ಗೊತ್ತಾಯಿತು: ಸೆಕೆಂಡಿಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಧಾವಿಸುವ ಮೀರಾದ ಹಿಂದೆ 13 ಜ್ಯೋತಿರ್ವರ್ಷ ಉದ್ದದ ಬಾಲ! ಅದರಲ್ಲಿರುವುದು ಕಳೆದ 30,000 ವರ್ಷಗಳಲ್ಲಿ ಉದುರಿದ ಅನಿಲ. ನಾನೂರು ವರ್ಷ ಮೀರಾವನ್ನು ನೋಡುತ್ತಲೇ ಬಂದರೂ ಯಾರಿಗೂ ಇದು ಕಂಡಿರಲಿಲ್ಲ, ಏಕೆಂದರೆ ಆ ಬಾಲ ಬೆಳಗಿದ್ದು ನೇರಳಾತೀತದಲ್ಲಿ.